ಉಸಿರಿನ ಬೇರು: ಚೀನೀ ವೈದ್ಯದ ದೃಷ್ಟಿ

ಹಳೆಯ ಕೆಮ್ಮು ಶ್ವಾಸಕೋಶದಲ್ಲಿಯೇ ನಿಲ್ಲದೆ ದೇಹದ ಆಳಕ್ಕೆ ಇಳಿಯುವುದೆಂದು ಚೀನಾ ದೇಶದ ವೈದ್ಯರು ಬಹುಹಿಂದೆಯೇ ಅರಿತಿದ್ದರು. ಹಾನ್ ರಾಜವಂಶದ ಕಡೆಗಾಲದ ಜಾಂಗ್ ಜೋಂಗ್‌ಜಿಂಗ್ ಅವರು 'ಫೈಜಾಂಗ್', ಎಂದರೆ ಉಬ್ಬಿದ ಶ್ವಾಸಕೋಶವೆಂಬ ವ್ಯಾಧಿಯನ್ನು ಹೇಳಿದ್ದಾರೆ. ಅಲ್ಲಿನ ಇಂದಿನ ವೈದ್ಯರು ಸಿ.ಒ.ಪಿ.ಡಿ.ಯನ್ನು ಹೆಚ್ಚಾಗಿ ಇದರೊಡನೆ ಹೋಲಿಸುತ್ತಾರೆ.

ಮೊದಲು ಕುಂದುವುದು ಶ್ವಾಸಕೋಶದ 'ಚೀ'. ನಮ್ಮ ಪ್ರಾಣಕ್ಕೆ ಸಮೀಪವಾದ ಕಲ್ಪನೆಯಿದು. ಆಗ ದನಿ ಕ್ಷೀಣಿಸಿ ಪದೇ ಪದೇ ನೆಗಡಿಯಾಗುತ್ತದೆ. ಬಳಿಕ ಸರದಿ ಪ್ಲೀಹದ್ದು. ಅವರು ಪ್ಲೀಹವೆಂದಾಗ ಪಚನಶಕ್ತಿಯೆಂದೇ ತಿಳಿಯಬೇಕು. ಕಫವು ಹುಟ್ಟುವುದು ಅಲ್ಲಿ, ತುಂಬಿಕೊಳ್ಳುವುದು ಶ್ವಾಸಕೋಶದಲ್ಲಿ. ಶ್ವಾಸರೋಗದ ಹುಟ್ಟನ್ನು ಪಿತ್ತಸ್ಥಾನದಲ್ಲಿ ಕಂಡ ಚರಕಾಚಾರ್ಯರ ಮಾತಿಗೆ ಇದು ದೂರವಲ್ಲ. "ಊಟ ಸೇರುತ್ತಿಲ್ಲ, ವಯಸ್ಸಾಯಿತು" ಎನ್ನುವ ಕೆಮ್ಮುರೋಗಿಗಳನ್ನು ನಾವು ಬಹಳ ಕಂಡಿದ್ದೇವೆ. ಅದು ವಯಸ್ಸಿನದಲ್ಲ, ರೋಗವು ಕೆಳಗಿಳಿದ ಕುರುಹಾಗಿರಬಹುದು.

ಮುಂದಿನದು ಮೂತ್ರಪಿಂಡ. ಒಳಗೆಳೆದ ಉಸಿರನ್ನು ಹಿಡಿದಿಡುವ ಬೇರು ಅದೆಂಬುದು ಅವರ ಮತ. ಬೇರು ಸಡಿಲಿದರೆ ನಾಲ್ಕು ಹೆಜ್ಜೆಗೇ ಏದುಸಿರು. ಕಡೆಗೆ ರಕ್ತವು ಜಡವಾಗಿ, ಹೃದಯವು ಸೋತು, ತುಟಿ ನೀಲಿಗಟ್ಟಿ ಕಾಲು ಊದಿಕೊಳ್ಳುತ್ತವೆ. ನಾವು ಆಯುರ್ವೇದದವರೇ ಆದರೂ ಹೇಳುತ್ತೇವೆ: ಆಗ ಕಷಾಯಕ್ಕೆ ಕಾಯದೆ ಕೂಡಲೇ ಆಸ್ಪತ್ರೆಗೆ ಹೋಗಬೇಕು. ಯಾವ ಹಂತದಲ್ಲಿಯೂ ವೈದ್ಯರನ್ನು ಕೇಳದೆ ಇನ್‌ಹೇಲರ್ ಬಿಡಬಾರದು. ಬೀಡಿಯನ್ನಾದರೋ ಇಂದೇ ಬಿಡಬಹುದು.