ಕ್ಯಾರವಾನ್ ಕಟ್ಟಿಕೊಂಡು ಡೋವರ್ ದಾಟುವ ಮೊದಲು

ಬ್ರಿಟನ್ನಿನಲ್ಲಿ ನೆಲೆಸಿರುವ ಗೆಳೆಯರು ಬೇಸಿಗೆ ರಜೆಗೆ ಮುಂಚೆ ಫೋನ್ ಮಾಡಿ ಕೇಳುವುದುಂಟು: 'ಫ್ರಾನ್ಸಿಗೆ ಹೊರಟಿದ್ದೀವಿ, ಕ್ಯಾರವಾನಿಗೂ ಬೇರೆ ರಿಜಿಸ್ಟ್ರೇಷನ್ ಬೇಕಾ?' ಬ್ರಿಟನ್ ಒಳಗೆ ಓಡಾಡುವಾಗ ಕ್ಯಾರವಾನಿಗೆ, ಅಂದರೆ ಕಾರಿನ ಹಿಂದೆ ಕಟ್ಟಿ ಎಳೆಯುವ ಮನೆಯಂಥ ಟ್ರೇಲರಿಗೆ, ತನ್ನದೇ ನಂಬರ್ ಇರಬೇಕಿಲ್ಲ, ಎಳೆಯುವ ಕಾರಿನ ನಂಬರನ್ನೇ ಅದರ ಹಿಂದೆ ಹಾಕಿದರೆ ಸಾಕು. ಆದರೆ 1968ರ ವಿಯೆನ್ನಾ ರಸ್ತೆ ಒಪ್ಪಂದ 2019ರ ಮಾರ್ಚ್ 28ರಿಂದ ಬ್ರಿಟನ್ನಿಗೂ ಅನ್ವಯವಾಯಿತು. ಅಂದಿನಿಂದ ಯುರೋಪಿನ ಬಹುತೇಕ ದೇಶಗಳಿಗೆ ಒಯ್ಯುವ ಕೆಲವು ಟ್ರೇಲರ್‌ಗಳ ನೋಂದಣಿ ಕಡ್ಡಾಯ. ನಿಮ್ಮದು ಆ ಗುಂಪಿಗೆ ಸೇರುತ್ತದೆಯೇ ಎಂಬುದನ್ನು ಹೀಗೆ ನೋಡಿಕೊಳ್ಳಿ.

ಹಂತ 1: ತೂಕ ಓದಿ

ಕ್ಯಾರವಾನಿನ ಬಾಗಿಲ ಬಳಿ ಕೆಳಗೆ ಕುಳಿತು ಹುಡುಕಿ. ಅಂಗೈಯಗಲದ ಒಂದು ಪಟ್ಟಿ ಅಂಟಿಸಿರುತ್ತದೆ. ಅದರಲ್ಲಿ ಒಂದಕ್ಕಿಂತ ಹೆಚ್ಚು ತೂಕ ಕಾಣುತ್ತವೆ, ಗಲಿಬಿಲಿಯಾಗುವುದು ಇಲ್ಲೇ. ಖಾಲಿ ಗಾಡಿಯ ತೂಕ ನಮಗೆ ಬೇಡ. 'ಎಂಟಿಪಿಎಲ್‌ಎಂ' ಎಂಬುದನ್ನು ನೋಡಿ: ಹಾಸಿಗೆ, ಪಾತ್ರೆ, ನೀರು, ಗ್ಯಾಸ್ ಎಲ್ಲ ತುಂಬಿದ ಮೇಲೂ ಗಾಡಿ ಮೀರಬಾರದ ಗರಿಷ್ಠ ತೂಕ ಅದು. ಆ ಅಂಕಿಯನ್ನು ಫೋನಿನಲ್ಲಿ ಫೋಟೋ ತೆಗೆದಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಹಂತ 2: ಯಾತಕ್ಕೆ ಒಯ್ಯುತ್ತೀರಿ?

ರಜೆಗಾದರೆ ಗರಿಷ್ಠ ತೂಕ 3,500 ಕೆಜಿ ಮೀರಿದಾಗ ಮಾತ್ರ ನೋಂದಣಿ ಕಡ್ಡಾಯ. ಕಾರಿಗೆ ಕಟ್ಟುವ ಸಾಮಾನ್ಯ ಕ್ಯಾರವಾನ್ ಅಷ್ಟು ತೂಗುವುದೇ ಇಲ್ಲ. ವ್ಯಾಪಾರಕ್ಕಾದರೆ ಮಿತಿ ಬರೀ 750 ಕೆಜಿ! ಜರ್ಮನಿಯ ಮೇಳವೊಂದರಲ್ಲಿ ದೋಸೆ ಅಂಗಡಿ ಹಾಕಲು ಕಾವಲಿ, ಗ್ರೈಂಡರ್, ಸಿಲಿಂಡರ್ ಹೇರಿದ 1,000 ಕೆಜಿಯ ಟ್ರೇಲರ್ ಒಯ್ಯುತ್ತೀರಾದರೆ ನೋಂದಣಿ ಆಗಲೇಬೇಕು. ನಿಯಮ ಮೀರಿದರೆ 1,000 ಪೌಂಡ್‌ವರೆಗೆ ದಂಡ. ಐರ್ಲೆಂಡಿಗೆ ಮಾತ್ರ ಹೋಗುವವರಿಗೆ ಈ ಗೋಜಿಲ್ಲ.

750 ಕೆಜಿ ಮೀರಿದ ರಜೆಯ ಕ್ಯಾರವಾನನ್ನು ಕಡ್ಡಾಯವಲ್ಲದಿದ್ದರೂ ಇಷ್ಟವಿದ್ದರೆ ನೋಂದಾಯಿಸಬಹುದು. ಮಾಡಿಸಿಬಿಡಿ ಎಂದೇ ನನ್ನ ಸಲಹೆ. ಜರ್ಮನಿಯಲ್ಲಿ ಕ್ಯಾರವಾನಿಗೆ ತನ್ನದೇ ನಂಬರ್ ಇರುತ್ತದೆ; ಅಲ್ಲಿನ ಪೊಲೀಸರು ದಾರಿಯಲ್ಲಿ ನಿಲ್ಲಿಸಿ ಕೇಳಿದರೆ, ಭಾಷೆ ಬರದ ಊರಿನಲ್ಲಿ ಬ್ರಿಟನ್ನಿನ ಕಾನೂನು ವಿವರಿಸುತ್ತ ನಿಲ್ಲುವುದಕ್ಕಿಂತ ಕಾಗದ ತೋರಿಸುವುದು ಸುಲಭ.

ಹಂತ 3: ಅರ್ಜಿ

ಬ್ರಿಟನ್ನಿನ ವಾಹನ ನೋಂದಣಿ ಸಂಸ್ಥೆಯಾದ ಡಿವಿಎಲ್‌ಎಗೆ ಆನ್‌ಲೈನಿನಲ್ಲೇ ಅರ್ಜಿ ಹಾಕಿ. ಶುಲ್ಕ 26 ಪೌಂಡ್. ಹೆಸರು, ವಿಳಾಸ, ತಯಾರಕರ ಹೆಸರು, ಚಾಸಿಸ್ ನಂಬರ್, ತೂಕ ಕೇಳುತ್ತಾರೆ. 'ನಮ್ಮ ಹತ್ತಿರ ಕ್ರಿಸ್ ಕಾಗದ ಇದೆಯಲ್ಲ' ಎನ್ನುವವರಿಗೆ ಒಂದು ಮಾತು: ಕ್ರಿಸ್ ಎಂಬುದು ಕ್ಯಾರವಾನ್ ಯಾರ ಬಳಿ ಇದೆ ಎಂದು ಬರೆದಿಡುವ ಬೇರೆಯೇ ದಾಖಲೆ. ಈ ನೋಂದಣಿಯ ಜಾಗಕ್ಕೆ ಅದು ನಡೆಯುವುದಿಲ್ಲ.

ಹಂತ 4: ನಂಬರ್ ಪ್ಲೇಟ್

ಸರ್ಟಿಫಿಕೇಟ್ ಕೈಸೇರಿದ ಮೇಲೆ ಅದನ್ನು ಹಿಡಿದುಕೊಂಡು ಪ್ಲೇಟ್ ಮಾಡಿಸಿ. ಕಾರಿನ ನಂಬರನ್ನು ತೆಗೆಯುವ ಹಾಗಿಲ್ಲ, ಹಿಂದೆ ಎರಡೂ ಇರಬೇಕು. ಎರಡಕ್ಕೂ ನಡುವೆ ಅಂತರ ಬಿಡಿ. ಹಿಂದೆ ಜಾಗವಿಲ್ಲದಿದ್ದರೆ ಟ್ರೇಲರಿನ ನಂಬರನ್ನು ಎರಡೂ ಪಕ್ಕಕ್ಕೆ ಹಾಕಿಸಿ.

ಹಂತ 5: ಹೊರಡುವ ದಿನ

ಸರ್ಟಿಫಿಕೇಟು ಕಾರಿನಲ್ಲೇ ಇರಲಿ. ಕ್ಯಾರವಾನ್ ಕಟ್ಟಿದ ಮೇಲೆ ಕಾರಿನ ಹಿಂಭಾಗ ಮರೆಯಾಗುವುದರಿಂದ 'ಯುಕೆ' ಸ್ಟಿಕ್ಕರನ್ನು ಕ್ಯಾರವಾನಿನ ಹಿಂದೆಯೂ ಅಂಟಿಸಿ. ಹಳೆಯ 'ಜಿಬಿ' ಸ್ಟಿಕ್ಕರ್ 2021ರ ಸೆಪ್ಟೆಂಬರ್ 28ರಿಂದ ನಡೆಯುವುದಿಲ್ಲ. ಸೆಕೆಂಡ್ ಹ್ಯಾಂಡ್ ಕ್ಯಾರವಾನ್ ಕೊಂಡವರು ಇದನ್ನು ಮೊದಲು ನೋಡಿ: ಹಳೆಯ ಮಾಲೀಕರು ಅಂಟಿಸಿದ 'ಜಿಬಿ' ಇನ್ನೂ ಅಲ್ಲೇ ಇರಬಹುದು.