ಚಳಿಯ ರಾತ್ರಿ ನೀರು ಹಾಯಿಸಲು ಹೋಗುವಾಗ



ಕಾರ್ಖಾನೆಯ ಹಂಗಾಮು ನಡೆದಿರುವಾಗ ಹಗಲೆಲ್ಲ ಕಟಾವಿನ ಗಡಿಬಿಡಿ. ಕುಳೆ ಕಬ್ಬಿಗೆ ನೀರು ಹಾಯಿಸುವ ಕೆಲಸ ರಾತ್ರಿಗೇ ಉಳಿಯುತ್ತದೆ. ಪಂಪಿಗೆ ರಾತ್ರಿ ಪಾಳಿಯ ವಿದ್ಯುತ್ತು ಇರುವ ಕಡೆಯಂತೂ ಬೇರೆ ದಾರಿಯೇ ಇಲ್ಲ. ಹೆಗಲಿಗೆ ಸಲಿಕೆ, ಕೈಯಲ್ಲಿ ಬ್ಯಾಟರಿ, ಕಿಸೆಯಲ್ಲಿ ಚಾಕು, ಕಡ್ಡಿಪೆಟ್ಟಿಗೆ, ಮೊಬೈಲು. ಇಷ್ಟನ್ನು ಹಿಡಿದು ನೀವು ಹೊರಡುತ್ತೀರಿ. ಬೇಸಿಗೆಗೆ ಇದು ಸಾಕು. ಮಾರ್ಗಶಿರ, ಪುಷ್ಯ ಮಾಸಗಳಲ್ಲಿ ಇದೇ ಸಾಮಾನಿಗೆ ಸ್ವಲ್ಪ ಮಾರ್ಪಾಡು ಬೇಕು.

ನಮ್ಮ ಅಕ್ಕಲಕೋಟ, ಜತ್ತ ಸೀಮೆಯಲ್ಲಿ ಹಿಮ ಬೀಳುವುದಿಲ್ಲ. ಆದರೂ ಡಿಸೆಂಬರ್, ಜನವರಿಯ ಕೆಲವು ಬೆಳಗುಗಳಲ್ಲಿ ಉಷ್ಣತೆ 10 ಡಿಗ್ರಿಯ ಸಮೀಪಕ್ಕೆ ಇಳಿಯುವುದುಂಟು. ಬಾವಿಯ ನೀರು ಆಗ ಕೈಗೆ ಬೆಚ್ಚಗೇ ಅನ್ನಿಸುತ್ತದೆ. ಮೋಸ ಇರುವುದು ಅಲ್ಲಿಯೇ. ನೀರಿನಿಂದ ತೆಗೆದ ಒದ್ದೆ ಕೈಗೆ ಗಾಳಿ ತಾಗಿತೆಂದರೆ ಸ್ವಲ್ಪ ಹೊತ್ತಿನಲ್ಲಿ ಬೆರಳು ಮರಗಟ್ಟುತ್ತವೆ. ಹಿಡಿತ ಸಡಿಲಾದದ್ದು ನಮಗೇ ತಿಳಿಯುವುದಿಲ್ಲ. ಆದ್ದರಿಂದ ಒಂದು ಒಣ ಟವೆಲ್ಲನ್ನು ಪ್ಲಾಸ್ಟಿಕ್ ಚೀಲದಲ್ಲಿ ಇಟ್ಟುಕೊಂಡಿರಿ. ಸ್ಟಾರ್ಟರ್ ಪೆಟ್ಟಿಗೆ ಮುಟ್ಟುವ ಮೊದಲು ಕೈ ಒರೆಸಿಕೊಳ್ಳುವುದಕ್ಕೂ ಅದೇ ಬೇಕು.

ಇನ್ನು ಸಲಿಕೆ. ಹಿಂದೊಂದು ಹಂಗಾಮಿನಲ್ಲಿ ನಮ್ಮ ಸದಸ್ಯರೊಬ್ಬರ ಮಗ ರಾತ್ರಿ ಬದು ಒಡೆಯುವಾಗ ಸಲಿಕೆ ಕಾವಿನಿಂದ ಕಳಚಿ ಪಾದದ ಮೇಲೆ ಬಿತ್ತು. ಇಪ್ಪತ್ತು ದಿನ ಹುಡುಗ ನೆಲಕ್ಕೆ ಕಾಲಿಡಲಿಲ್ಲ. ಸಲಿಕೆ ಹೊಸದು, ಕಾವೂ ಹೊಸದು. ಕಾರಣವಿಷ್ಟೆ: ಚಳಿಗಾಲದ ಒಣ ಹವೆಗೆ ಕಟ್ಟಿಗೆ ಆರಿ ಸಣ್ಣದಾಗುತ್ತದೆ, ಕಬ್ಬಿಣದ ತೂತು ಇದ್ದಷ್ಟೇ ಇರುತ್ತದೆ. ಅನೇಕರು ಇದಕ್ಕೆ ಸಲಿಕೆಯನ್ನು ರಾತ್ರಿಯಿಡೀ ನೀರಲ್ಲಿ ನೆನೆಹಾಕುತ್ತಾರೆ. ಅದು ಒಂದು ದಿನದ ಉಪಾಯ. ನೆನೆದ ಕಟ್ಟಿಗೆ ಉಬ್ಬಿ, ಕಬ್ಬಿಣಕ್ಕೆ ಒತ್ತಿ ಜಜ್ಜಿಹೋಗಿ, ಮತ್ತೆ ಆರಿದಾಗ ಮೊದಲಿಗಿಂತ ಹೆಚ್ಚು ಸಡಿಲಾಗುತ್ತದೆ. ಚೆನ್ನಾಗಿ ಒಣಗಿದ ಜಾಲಿಯ ಬೆಣೆ ಹೊಡೆಯಿರಿ. ಕಾವಿಗೆ, ಅದರಲ್ಲೂ ತುದಿಗೆ, ಅಗಸಿ ಎಣ್ಣೆಯನ್ನು ಎರಡು ಮೂರು ಸಲ ಕುಡಿಸಿರಿ. (ಎಣ್ಣೆ ಒರೆಸಿದ ಅರಿವೆಯನ್ನು ಮುದ್ದೆ ಮಾಡಿ ರವದಿಯಲ್ಲಿ ಎಸೆಯಬೇಡಿರಿ. ಅಗಸಿ ಎಣ್ಣೆಯ ಅರಿವೆ ತಾನಾಗಿಯೇ ಕಾದು ಹೊತ್ತಿಕೊಳ್ಳಬಲ್ಲದು. ಬಿಡಿಸಿ ಹರವಿ ಒಣಗಿಸಿರಿ.)

ಕೊಯ್ತಾದ ಹಿಡಿಗೆ ಹಳೆಯ ಸೈಕಲ್ ಟ್ಯೂಬಿನ ಪಟ್ಟಿಯನ್ನು ಎಳೆದು ಬಿಗಿಯಾಗಿ ಸುತ್ತಿರಿ. ಇಬ್ಬನಿಯಲ್ಲಿ ಕೈ ಜಾರುವುದಿಲ್ಲ. ಉಣ್ಣೆಯ ಕೈಚೀಲ ಬೆಚ್ಚಗಿರುತ್ತದೆ ನಿಜ, ಆದರೆ ನುಣುಪಾದ ಹಿಡಿಯ ಮೇಲೆ ಅದು ಜಾರುತ್ತದೆ. ಕೊಯ್ತಾ ಹಿಡಿಯುವಾಗ ಅದು ಬೇಡ.

ಮಡಿಚುವ ಚಾಕಿಗೆ ಕೊಬ್ಬರಿ ಎಣ್ಣೆ ಹಚ್ಚುವ ರೂಢಿ ನಮ್ಮಲ್ಲುಂಟು. 24 ಡಿಗ್ರಿಯ ಆಸುಪಾಸಿಗೆ ಇಳಿದರೆ ಆ ಎಣ್ಣೆ ಗಟ್ಟಿಯಾಗುತ್ತದೆ, ಚಾಕು ತೆರೆಯದೆ ಉಗುರು ಮುರಿಯುತ್ತದೆ. ಹೊಲಿಗೆ ಯಂತ್ರದ ಎಣ್ಣೆ ಎರಡು ಹನಿ ಸಾಕು. ಬ್ಯಾಟರಿಯ ಸೆಲ್ಲು ತಣ್ಣಗಾದಾಗ ಶಕ್ತಿ ಕಡಿಮೆ ಕೊಡುತ್ತದೆ. ಬಳಸದಿದ್ದಾಗ ಅಂಗಿಯ ಒಳಕಿಸೆಯಲ್ಲಿಡಿ. ಮೊಬೈಲಿನ ಬೆಳಕನ್ನೇ ನಂಬಿ ಹೋಗಬೇಡಿರಿ. ಒದ್ದೆ ಬೆರಳಿಗೆ ಅದರ ಪರದೆ ಸರಿಯಾಗಿ ಓಗೊಡುವುದಿಲ್ಲ. ಚಳಿಯಲ್ಲಿ ಹಾವು ಹೊರಬರುವುದಿಲ್ಲವೆಂಬುದೂ ತಪ್ಪು ತಿಳುವಳಿಕೆ. ಕೊಳಕುಮಂಡಲ, ಅಂದರೆ ಮರಾಠಿಯ ಘೋಣಸ, ಈ ತಿಂಗಳುಗಳಲ್ಲೂ ತಿರುಗುತ್ತದೆ. ರವದಿಯಲ್ಲಿ ಕಾಲಿಡುವ ಮೊದಲು ಬೆಳಕು ಬೀಳಲೇಬೇಕು. ಮಫ್ಲರಿನ ತುದಿಯನ್ನು ಅಂಗಿಯೊಳಗೆ ಸೇರಿಸಿರಿ. ಎಂಜಿನ್ನಿನ ಪಟ್ಟಾ ಅದನ್ನು ಎಳೆದುಕೊಂಡರೆ ಕೊರಳೂ ಅದರ ಹಿಂದೆಯೇ ಹೋಗುತ್ತದೆ.

ನನ್ನ ಚೀಲದಲ್ಲಿರುವ ಒಂದು ಸಾಮಾನಿನ ಮಾತನ್ನೂ ಹೇಳಬೇಕು. ಕೈ ರಿಫ್ರಾಕ್ಟೋಮೀಟರು 20 ಡಿಗ್ರಿ ಉಷ್ಣತೆಗೆ ಹೊಂದಿಸಿದ ಉಪಕರಣ. ನೌಕರಿಗೆ ಸೇರಿದ ಹೊಸತರಲ್ಲಿ ನಾನು ಒಂದು ಚಳಿಯ ಬೆಳಗ್ಗೆ ಒಬ್ಬರ ಫಡದ ಬ್ರಿಕ್ಸ್ ನೋಡಿ ಕಬ್ಬು ಪಕ್ವವಾಗಿದೆ ಎಂದುಬಿಟ್ಟೆ. ಮಧ್ಯಾಹ್ನ ಅದೇ ಫಡದಲ್ಲಿ ಅಂಕಿ ಕೆಳಗೆ ಬಂತು. ಅವರು ನನ್ನ ಮುಖ ನೋಡಿದರು, ನಾನು ಉಪಕರಣದ ಮುಖ ನೋಡಿದೆ. ತಪ್ಪು ನನ್ನದೇ. 10 ಡಿಗ್ರಿ ಚಳಿಯಲ್ಲಿ ಅಂಕಿ ಅರ್ಧ ಬ್ರಿಕ್ಸಿಗಿಂತ ತುಸು ಹೆಚ್ಚೇ ಮೇಲೆ ತೋರುತ್ತದೆ, ಅಷ್ಟನ್ನು ಕಳೆಯಬೇಕು. ಉಷ್ಣತೆಯನ್ನು ತಾನೇ ಸರಿಪಡಿಸಿಕೊಳ್ಳುವ ಉಪಕರಣವಾದರೆ ಈ ಲೆಕ್ಕ ಬೇಡ. ನಮ್ಮ ಸಿಬ್ಬಂದಿ ನಿಮ್ಮ ಹೊಲಕ್ಕೆ ಬಂದು ಬ್ರಿಕ್ಸ್ ಹೇಳಿದಾಗ ಯಾವ ವೇಳೆಗೆ ನೋಡಿದಿರಿ, ಚಳಿಯ ಅಂಶ ಕಳೆದಿರಾ ಎಂದು ಸಂಕೋಚವಿಲ್ಲದೆ ಕೇಳಿರಿ.