ಕುದುರೆಗೆ ಜೀನು ಹೊಂದಿಸುವ ಕ್ರಮ

ಉತ್ತರ ಕರ್ನಾಟಕದ ಅಲೆಮಾರಿ ಕುರಿಗಾರರಿಗೆ ಕುದುರೆಯು ಸಂಸಾರದ ಸಾಮಾನು ಹೊರುವ ಪ್ರಾಣಿ. ಸವಾರಿಗಾಗಿ ಕುದುರೆ ಸಾಕುವವರೂ ಇದ್ದಾರೆ. ಇವರೆಲ್ಲರೂ ಎಚ್ಚರ ವಹಿಸಬೇಕಾದ ತೊಂದರೆ ಬೆನ್ನುಹುಣ್ಣು. ಇದು ಹೆಚ್ಚಾಗಿ ಹೊಂದದ ಜೀನಿನಿಂದ ನಾವೇ ತಂದೊಡ್ಡುವ ಕಷ್ಟ. ಕಂಬಳಿಯ ಒಂದು ಮಡಿಕೆ ಅಥವಾ ಒಂದು ಮುಳ್ಳು ಕುದುರೆಯನ್ನು ವಾರಗಟ್ಟಲೆ ಕೆಲಸದಿಂದ ದೂರವಿಡಬಲ್ಲದು.

ಜೀನು ಎಲ್ಲಿ ಕೂರಬೇಕು?

ಭಾರವು ಬೆನ್ನುಮೂಳೆಯ ಮೇಲೆ ಬೀಳಕೂಡದು; ಅದರ ಎರಡು ಬದಿಯ ಮಾಂಸಖಂಡಗಳ ಮೇಲೆ ಸಮನಾಗಿ ಹರಡಬೇಕು. ಜೀನಿನ ಚೌಕಟ್ಟು ಹೆಗಲೆಲುಬಿನ ಹಿಂದೆ ಇರಬೇಕು. ಮುಂದಕ್ಕೆ ಬಂದರೆ ಮುಂಗಾಲಿನ ಚಲನೆಗೆ ಅಡ್ಡಿಯಾಗುತ್ತದೆ. ಹಿಂದಕ್ಕೆ ಕೊನೆಯ ಪಕ್ಕೆಲುಬನ್ನು ದಾಟಕೂಡದು. ಅದರಾಚೆ ಸೊಂಟಕ್ಕೆ ಪಕ್ಕೆಲುಬಿನ ಆಸರೆಯಿಲ್ಲ.

ಕಟ್ಟುವ ವಿಧಾನ

1. ಬೆನ್ನು ಮತ್ತು ಪಟ್ಟಿ ಬರುವ ಜಾಗವನ್ನು ಬ್ರಷ್‌ನಿಂದ ಉಜ್ಜಿ, ಕೈಯಾಡಿಸಿ ಬಾವು, ಗಾಯಗಳಿವೆಯೇ ನೋಡಿರಿ. ಕಂಬಳಿಯನ್ನು ಕೊಡವಿರಿ.

2. ಕಂಬಳಿಯನ್ನು ತುಸು ಮುಂದೆ ಹಾಸಿ ಹಿಂದಕ್ಕೆ ಎಳೆಯಿರಿ. ಆಗ ಕೂದಲು ನೇರವಾಗಿ ಮಲಗುತ್ತದೆ.

3. ಜೀನನ್ನು ಮೆಲ್ಲಗೆ ಇಟ್ಟು, ಅದರಡಿಯ ಕಂಬಳಿಯನ್ನು ನಡುವಿನಲ್ಲಿ ಸ್ವಲ್ಪ ಮೇಲಕ್ಕೆ ಎತ್ತಿರಿ. ಸವಾರ ಕುಳಿತ ಮೇಲೂ ಹೆಗಲ ದಿಬ್ಬಕ್ಕೂ ಜೀನಿಗೂ ನಡುವೆ ಎರಡು-ಮೂರು ಬೆರಳು ಜಾಗವಿರಬೇಕು.

4. ಹೊಟ್ಟೆಪಟ್ಟಿಯು ಮುಂಗಾಲಿನ ಮೊಣಕೈಯಿಂದ ನಾಲ್ಕು ಬೆರಳು ಹಿಂದೆ ಬರಲಿ. ಒಮ್ಮೆಗೇ ಬಿಗಿಯದೆ ಎರಡು-ಮೂರು ಸಲ ಬಿಗಿಯಿರಿ. ಕೆಲವು ಕುದುರೆಗಳು ಉಸಿರು ಬಿಗಿಹಿಡಿಯುವುದರಿಂದ, ಹತ್ತು ಹೆಜ್ಜೆ ನಡೆಸಿ, ಹತ್ತುವ ಮುನ್ನ ಮತ್ತೆ ಪರೀಕ್ಷಿಸಿರಿ.

ಅಮೆರಿಕದ ದನಗಾಹಿಗಳ ಜೀನು

ಅಮೆರಿಕದ ಪಶ್ಚಿಮ ಭಾಗದ ದನಗಾಹಿಗಳ ಜೀನಿನ ಮುಂದೆ ಹಗ್ಗ ಸುತ್ತುವ ಗೂಟವಿರುತ್ತದೆ. ಇದರ ತಳ ಅಗಲವಾದುದರಿಂದ ಭಾರ ಹೆಚ್ಚು ಜಾಗಕ್ಕೆ ಹರಡುತ್ತದೆ; ಆದರೆ ಜೀನೇ ಸುಮಾರು 15 ಕಿ.ಗ್ರಾಂ. ತೂಗಬಹುದು. ಹಲವು ಜೀನುಗಳಿಗೆ ಎರಡು ಹೊಟ್ಟೆಪಟ್ಟಿಗಳಿರುತ್ತವೆ. ಮುಂದಿನದನ್ನು ಮೊದಲು ಕಟ್ಟಿ ಕೊನೆಗೆ ಬಿಚ್ಚಬೇಕು. ಮುಂದಿನದು ಬಿಚ್ಚಿದಾಗ ಜೀನು ಜಾರಿ, ಹಿಂದಿನ ಪಟ್ಟಿಯಿಂದ ಹೊಟ್ಟೆಯಡಿ ನೇತಾಡಿದರೆ ಕುದುರೆ ಬೆದರಿ ಓಡುತ್ತದೆ. ಹಿಂದಿನ ಪಟ್ಟಿ ಹೊಟ್ಟೆಗೆ ತಾಗಿದ್ದರೆ ಸಾಕು. ಗೊರಸು ಸಿಕ್ಕಿಕೊಳ್ಳುವಷ್ಟು ಸಡಿಲವಿರಬಾರದು. ಅದು ಹಿಂದಕ್ಕೆ ಸರಿಯದಂತೆ ಎರಡೂ ಪಟ್ಟಿಗಳನ್ನು ಹೊಟ್ಟೆಯಡಿ ಒಂದು ಸಣ್ಣ ಪಟ್ಟಿಯಿಂದ ಜೋಡಿಸಬೇಕು. ಚೌಕಟ್ಟೇ ಹೊಂದದಿದ್ದರೆ ಎಷ್ಟು ಕಂಬಳಿ ಹಾಸಿದರೂ ಪ್ರಯೋಜನವಿಲ್ಲ.

ಕಡಿವಾಣ

ಕಡಿವಾಣವು ಮುಂಬಲ್ಲು ಮತ್ತು ದವಡೆಹಲ್ಲುಗಳ ನಡುವಣ ಖಾಲಿ ಜಾಗದಲ್ಲಿ ಕೂರಬೇಕು. ನಡುವೆ ಕೀಲಿರುವ ಸಾದಾ ಕಡಿವಾಣವಾದರೆ ಬಾಯಿಯ ಅಂಚಿನಲ್ಲಿ ಒಂದೆರಡು ಸುಕ್ಕು ಬಿದ್ದರೆ ಸಾಕು. ಗಂಟಲ ಪಟ್ಟಿಯೊಳಗೆ ನಾಲ್ಕು ಬೆರಳು ಆಡಬೇಕು.

ಇಳಿದ ಮೇಲೆ

ಜೀನು ತೆಗೆದೊಡನೆ ಬೆವರಿನ ಗುರುತು ನೋಡಿರಿ. ಒದ್ದೆಯ ನಡುವೆ ಒಣಗಿದ ತೇಪೆಯಿದ್ದರೆ ಅಲ್ಲಿ ಒತ್ತಡ ಹೆಚ್ಚಾಗಿರಬಹುದು, ಇಲ್ಲವೇ ಜೀನು ತಾಗದೇ ಇರಬಹುದು. ಬೆನ್ನಿನ ಮೇಲೆ ಹೊಸದಾಗಿ ಬಂದ ಬಿಳಿ ಕೂದಲು ಹಳೆಯ ಪೆಟ್ಟಿನ ಗುರುತಾಗಿರಬಹುದು. ಬಿಸಿಯಾದ ಬಾವು ಕಂಡರೆ ಅಂದಿನಿಂದಲೇ ಜೀನು ಹಾಕುವುದನ್ನು ನಿಲ್ಲಿಸಿರಿ.

ಗಾಯವಾಗಿದ್ದರೆ, ಕುದಿಸಿ ಆರಿಸಿದ ಒಂದು ಲೀಟರ್ ನೀರಿಗೆ 9 ಗ್ರಾಂ ಉಪ್ಪು ಬೆರೆಸಿ ತೊಳೆಯಿರಿ. ನೊಣ ಕೂರದಂತೆ ಕಾಪಾಡಿರಿ. ಕುದುರೆಗೆ ಧನುರ್ವಾಯು ಬೇಗ ತಗಲುವುದರಿಂದ ಪಶುವೈದ್ಯರಿಂದ ಚುಚ್ಚುಮದ್ದಿನ ಬಗ್ಗೆ ತಡಮಾಡದೆ ಸಲಹೆ ಪಡೆಯಿರಿ. ಗಾಯ ಪೂರ್ತಿ ಮಾಯುವವರೆಗೆ ಬೆನ್ನಿಗೆ ಭಾರ ಬೇಡ.

ಭಾರದ ಮಿತಿ

ಸವಾರ, ಜೀನು, ಸಾಮಾನು ಎಲ್ಲ ಸೇರಿ ಕುದುರೆಯ ತೂಕದ ಐದನೆಯ ಒಂದು ಭಾಗವನ್ನು ಮೀರದಿರುವುದು ಕ್ಷೇಮ. 250 ಕಿ.ಗ್ರಾಂ. ತೂಗುವ ಕುದುರೆಗೆ ಇದು 50 ಕಿ.ಗ್ರಾಂ. ಆದುದರಿಂದ ಸಣ್ಣ ಕುದುರೆಯ ಮೇಲೆ ಸಾಮಾನು ಹೇರಿ, ಅದರ ಮೇಲೆ ಆಳೂ ಕೂರುವುದು ತಪ್ಪು. ಸಾಮಾನನ್ನು ಎರಡು ಬದಿಗೂ ಸಮತೂಕವಾಗಿ ಹೇರಿರಿ, ತಂಗುವಲ್ಲಿ ಇಳಿಸಿರಿ. ದಿನವೂ ಜೀನು ಕಟ್ಟುವ ಮೊದಲು ಐದು ನಿಮಿಷ ಬೆನ್ನನ್ನು ನೋಡುವವನು ವಾರಗಟ್ಟಲೆ ಹುಣ್ಣು ತೊಳೆಯುವ ಕೆಲಸವನ್ನು ತಪ್ಪಿಸಿಕೊಳ್ಳುತ್ತಾನೆ.